ಜಿಂಕೆ ಮಾರ್ಕಿನ ಬಿಯರು

"ಜಿಂಕೆ ಮಾರ್ಕಿನದ್ದೇ ಆಗಬೇಕು. ಬೇರೆ ತಂದರೆ ಅವರು ಮುಟ್ಟುವುದಿಲ್ಲ," ಎಂದು ವಾರಿಜಕ್ಕ ಬೆಳಗಿನಿಂದ ಮೂರನೇ ಸಲ ಹೇಳಿದಾಗ ಶೇಖರ ಅಂಗಿಯ ಗುಂಡಿ ಹಾಕುವುದನ್ನು ಅರ್ಧಕ್ಕೇ ಬಿಟ್ಟು ತಾಯಿಯ ಕಡೆ ತಿರುಗಿದ.

"ಅಮ್ಮಾ, ಅಪ್ಪ ಹೋಗಿ ಎಂಟು ತಿಂಗಳಾಯಿತು. ಸತ್ತವರಿಗೆ ಮಾರ್ಕು ಎಂತಕ್ಕೆ?"

"ಬದುಕಿರುವಾಗ ಬೇಕಿತ್ತಲ್ಲ, ಅದಕ್ಕೆ."

"ನಾನೂ ಬದುಕಿದ್ದೇನೆ. ನನಗೂ ಬೇಕಾದ್ದು ತುಂಬ ಉಂಟು. ಯಾರಾದರೂ ತಂದುಕೊಡ್ತಾರಾ?"

"ನೀನು ಮೊದಲು ಸಾಯಿ ಅಣ್ಣ, ಆಮೇಲೆ ನೋಡುವ," ಎಂದಳು ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ತಂಗಿ ಶೀಲಾವತಿ. ತಾಯಿ ಮಗ ಇಬ್ಬರೂ ಒಟ್ಟಿಗೆ ಅವಳನ್ನು ಗದರಿದರು. ಆ ಮನೆಯಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಆ ವಾರದಲ್ಲಿ ಅದೊಂದೇ.

ಆಟಿ ತಿಂಗಳು ಮುಗಿಯಲು ಇನ್ನು ಒಂದೇ ಮಂಗಳವಾರ ಉಳಿದಿತ್ತು. ಆಟಿಯಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಅವರವರ ಇಷ್ಟದ್ದನ್ನು ಬಡಿಸುವುದು, ಬಡಿಸಿ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು, ಅವರು ಉಂಡೆದ್ದ ಮೇಲೆ ಬಾಗಿಲು ತೆರೆದು ಮಿಕ್ಕದ್ದನ್ನು ಮನೆಯವರು ಉಣ್ಣುವುದು: ಉಡುಪಿ ಕಡೆಯ ಈ ಕ್ರಮವನ್ನು ವಾರಿಜಕ್ಕ ಕಾಂದಿವಲಿಯ ಚಾಳಿನ ಒಂದೇ ಒಂದು ಖೋಲಿಯಲ್ಲೂ ಬಿಟ್ಟವಳಲ್ಲ. ಆ ವರ್ಷ ತೀರಿಕೊಂಡವರನ್ನು ಹಿರಿಯರ ಸಾಲಿಗೆ ಸೇರಿಸುವುದೂ ಆಗಲೇ. ಬೇಕಾದ್ದು ಸಿಗದೆ ಎಲೆಯಿಂದ ಎದ್ದವನು ಸಾಲಿಗೆ ಸೇರುವುದಿಲ್ಲ. ಇನ್ನೊಂದು ವರ್ಷ ಹೊಸಿಲಾಚೆಯೇ ನಿಂತಿರುತ್ತಾನೆ. ಆಕೆಯ ಗಂಡ ದೂಜ ಆಗಲೇ ನಿಂತಿದ್ದ. ಕನಸಿನಲ್ಲಿ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಏನೂ ಕೇಳದೆ, ಒಳಗೂ ಬರದೆ. ಹಾಗೆ ಬಂದ ದಿನ ವಾರಿಜಕ್ಕ ಎದ್ದು ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಶೀಲಾವತಿಗೆ ಭಾಂಡೂಪಿನಿಂದ ಬಂದ ಒಳ್ಳೆಯ ಸಂಬಂಧವನ್ನೂ "ಅವರು ಒಳಗೆ ಬರಲಿ, ಆಮೇಲೆ ಮಾತಾಡುವ" ಎಂದು ತಡೆದಿಟ್ಟಿದ್ದಳು. ಹುಡುಗನ ಕಡೆಯವರು ಆಟಿ ಮುಗಿಯುವವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡುತ್ತೇವೆ ಎಂದು ನೇರವಾಗಿಯೇ ಹೇಳಿದ್ದರು.

"ಇಲ್ಲಿ ನೋಡು," ಎಂದು ಆಕೆ ಗಂಡನ ಟ್ರಂಕು ತೆರೆದಳು. ಮುಚ್ಚಳದ ಒಳಗೆ ಹಳದಿ ತಿರುಗಿದ ಒಂದು ಕಾಗದದ ಚೀಟಿ ಅಂಟಿಕೊಂಡಿತ್ತು. ಅದರ ಮೇಲೆ ಕೊಂಬು ಎತ್ತಿ ನಿಂತ ಒಂದು ಜಿಂಕೆ, ಕೆಳಗೆ ಇಂಗ್ಲಿಷು. "ಕ್ಲಬ್ಬಿನ ದೊರೆಗಳು ಶನಿವಾರ ಇವರಿಗೇ ಅಂತ ಒಂದು ಬಾಟ್ಲಿ ತೆಗೆದಿಡ್ತಿದ್ರು. ಇದೇ ಮಾರ್ಕು. ದೊರೆ ಕೈಯಾರೆ ಕೊಡುವುದು. ಎಷ್ಟು ಜನ ಬೇರರ್‌ಗಳಿಗೆ ಹಾಗೆ ಕೊಟ್ಟಿದ್ದಾರೆ ಹೇಳು."

ಟ್ರಂಕಿನೊಳಗೆ ಅಪ್ಪನ ಬಿಳಿ ಕ್ಯಾನ್ವಾಸ್ ಶೂಗಳಿದ್ದವು, ಸೀಮೆಸುಣ್ಣ ಬಳಿದಂತೆ ಬೆಳ್ಳಗೆ. ಬೇರರ್ ಡ್ರೆಸ್ಸನ್ನೆಲ್ಲ ಕ್ಲಬ್ಬಿನವರು ವಾಪಸು ತೆಗೆದುಕೊಂಡಿದ್ದರು. ಶೂ ಮಾತ್ರ ಬೇರೆ ಯಾರ ಕಾಲಿಗೂ ಹೊಂದದೆ ಮನೆಗೇ ಬಂದಿತ್ತು.

ಶೇಖರ ಛತ್ರಿ ತೆಗೆದುಕೊಂಡು ಹೊರಟ. ಕಾಂದಿವಲಿಯಿಂದ ಚರ್ಚ್‌ಗೇಟಿನವರೆಗೆ ಲೋಕಲಿನಲ್ಲಿ ನಿಂತೇ ಹೋಗುವಾಗ ಅವನ ಸಿಟ್ಟು ಸ್ಟೇಷನ್ನಿಗೊಂದರಂತೆ ಏರಿತು. ಅಜ್ಜ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಅಂಥ ಮನೆತನದವರಿಗೆ ಪಾನನಿಷೇಧದ ಈ ಊರಿನಲ್ಲಿ ಹಿರಿಯರ ಎಲೆಗಿಡಲು ಒಂದು ತೊಟ್ಟು ಕಳ್ಳಿಲ್ಲ. ಸರಕಾರದ ಅಂಗಡಿಯ ನೀರಾ ತಂದು ಒಲೆಯ ಬದಿಯಲ್ಲಿಟ್ಟು ಕದ್ದು ಹುಳಿ ಬರಿಸಬೇಕು. ಅಜ್ಜನಿಗೆ ಅದಾದರೂ ನಡೆಯುತ್ತಿತ್ತು. ಅಪ್ಪನಿಗೆ ಬಿಯರೇ ಬೇಕು. ಬಿಯರು ಬೇಕಾದರೆ ಪರ್ಮಿಟ್ಟು ಬೇಕು. ಪರ್ಮಿಟ್ಟು ಬೇಕಾದರೆ, ಕುಡಿಯದಿದ್ದರೆ ಈ ಮನುಷ್ಯನ ಆರೋಗ್ಯ ಕೆಡುತ್ತದೆ ಎಂದು ಡಾಕ್ಟರು ಬರೆದುಕೊಡಬೇಕು. ಸತ್ತವನ ಆರೋಗ್ಯ ಕೆಡುತ್ತದೆ ಎಂದು ಯಾವ ಡಾಕ್ಟರು ಬರೆದುಕೊಡುತ್ತಾನೆ? ಸತ್ತವನಿಗೆ ಮಾರ್ಕು ಬೇಕು, ಬದುಕಿದ್ದವನಿಗೆ ಸರ್ಟಿಫಿಕೇಟು ಬೇಕು, ನಡುವೆ ಓಡಾಡಲು ಆರನೇ ಕ್ಲಾಸಿಗೇ ಶಾಲೆ ಬಿಟ್ಟ ಶೇಖರ ಬೇಕು.

ಅವನು ಸಪ್ಲಯರ್ ಆಗಿದ್ದ ಫೋರ್ಟಿನ ಉಡುಪಿ ಹೋಟೆಲಿಗೆ ಬರುವವರಲ್ಲಿ ಪರ್ಮಿಟ್ಟು ಇದ್ದ ಮನುಷ್ಯ ಒಬ್ಬನೇ: ತಿರುಮಲೇಶ. ಮೈಸೂರಿನವನು, ಎದುರಿನ ಇನ್ಶೂರೆನ್ಸ್ ಆಫೀಸಿನ ಹೆಡ್ ಕ್ಲಾರ್ಕು. ಮಧ್ಯಾಹ್ನ ಫ್ಯಾನಿನ ಕೆಳಗಿನ ಟೇಬಲ್ಲಿನಲ್ಲಿ ನಾಲ್ಕು ಜನ ಗುಮಾಸ್ತರನ್ನು ಕೂರಿಸಿಕೊಂಡು, ಕಾಫಿ ಕುಡಿಯುತ್ತ, ಬಿಯರಿನ ವಿಷಯ ಮಾತಾಡುತ್ತಿದ್ದ.

"ಬಿಯರ್ ಅಂದ್ರೆ ಮೊದಲು ತಣ್ಣಗಿರಬೇಕು ಕಣಯ್ಯಾ. ಬಾಟ್ಲಿ ಮೈಯೆಲ್ಲಾ ಬೆವರಿರಬೇಕು. ಗ್ಲಾಸನ್ನ ಹೀಗೆ ಓರೆ ಹಿಡೀಬೇಕು. ನೊರೆ ಎರಡು ಬೆರಳು. ಮೂರಾದ್ರೆ ಸುರಿದೋನು ದಡ್ಡ, ಒಂದಾದ್ರೆ ಬಿಯರೇ ಹಳಸಲು. ಮೊದಲನೇ ಗುಟುಕು ಕಹಿ. ಎರಡನೇದು ಅಷ್ಟಿಲ್ಲ. ಮೂರನೇದಕ್ಕೆ, ಆಹಾ, ಆ ಕಹಿಯೊಳಗೇ ಒಂದು ಸಿಹಿ ಇರುತ್ತೆ ನೋಡಿ, ನಮ್ಮ ಹಾಗಲಕಾಯಿ ಗೊಜ್ಜಿನ ಥರ."

"ಯಾವ ಬಿಯರ್ ಸಾರ್ ನಿಮಗೆ ಫೇವರಿಟ್ಟು?" ಎಂದ ಒಬ್ಬ ಗುಮಾಸ್ತ, ಕೇಳಲೇಬೇಕಾದ್ದನ್ನು ಕೇಳುವವನಂತೆ.

"ಹಾಗೆ ಒಂದು ಅಂತ ಹೇಳೋಕ್ಕಾಗಲ್ಲ. ಬೇಸಿಗೆಗೆ ಒಂದು, ಮಳೆಗೆ ಒಂದು."

ಶೇಖರ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿದ. ಗುಮಾಸ್ತರು ಎದ್ದು ಹೋಗುವುದನ್ನೇ ಕಾದಿದ್ದು ಕೈತೊಳೆಯುವ ಬೇಸಿನ್ನಿನ ಹತ್ತಿರ ತಿರುಮಲೇಶನನ್ನು ಹಿಡಿದ. ಆಟಿ, ಅಪ್ಪ, ಎಲೆ, ಬಾಗಿಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಒಂದು ಬಾಟ್ಲಿ ಸಾರ್. ಜಿಂಕೆ ಮಾರ್ಕಾದರೆ ಒಳ್ಳೆಯದು," ಎಂದ.

ತಿರುಮಲೇಶನ ಮುಖ ಬಿಳಿಚಿಕೊಂಡಿತು. "ನನ್ನನ್ನ ಜೈಲಿಗೆ ಕಳಿಸ್ತೀಯೇನಯ್ಯಾ? ಪರ್ಮಿಟ್ ಇರೋನು ಮಾತ್ರ ಕುಡೀಬೇಕು. ಕಾನೂನು."

"ದಿನಾ ಮಧ್ಯಾಹ್ನ ಇಲ್ಲಿ ಕೂತು ಬಿಯರು ಹೀಗೆ, ಬಿಯರು ಹಾಗೆ ಅಂತ ಕೊರೀತೀರಿ. ನಾನು ನಿಮ್ಮ ಚಟ್ನಿ ಬಟ್ಟಲು ತುಂಬಿಸ್ತಾ ತುಂಬಿಸ್ತಾ ಎಲ್ಲ ಕೇಳ್ಬೇಕು. ಒಂದು ಬಾಟ್ಲಿ ಕೇಳಿದ ಕೂಡಲೆ ಕಾನೂನಾ?"

"ಮೆತ್ತಗೆ ಮಾತಾಡೋ."

"ನಿಮ್ಮ ಪಾಲಿನಲ್ಲಿ ಒಂದು ಕಡಿಮೆಯಾದರೆ ನೀವೇನು ಸಾಯ್ತೀರಾ ಸಾರ್?"

ತಿರುಮಲೇಶ ನಲ್ಲಿಯನ್ನು ಮುಚ್ಚಿದ, ಮತ್ತೆ ತಿರುಗಿಸಿದ, ತೊಳೆದ ಕೈಯನ್ನೇ ಮತ್ತೆ ತೊಳೆದ. ಆಮೇಲೆ ಕನ್ನಡಿಯೊಳಗಿನ ಶೇಖರನಿಗೆ ಹೇಳಿದ: "ನಾನು ಇದುವರೆಗೂ ಬಿಯರ್‌ನ ಮೂಸಿ ಕೂಡ ನೋಡಿಲ್ಲ ಕಣೋ."

ಶೇಖರ ಕನ್ನಡಿ ಬಿಟ್ಟು ಅವನ ಮುಖವನ್ನೇ ನೋಡಿದ.

"ನಮ್ಮ ಸಾಹೇಬರಿಗೆ ಅವರ ಪರ್ಮಿಟ್ ಸಾಲದು. ನಲವತ್ತು ದಾಟಿರೋ ಇಬ್ಬರ ಕೈಲಿ ಅರ್ಜಿ ಹಾಕಿಸಿದ್ರು. ಡಾಕ್ಟರ ಹತ್ತಿರಾನೂ ಅವರೇ ಕರ್ಕೊಂಡು ಹೋದ್ರು. ತಿಂಗಳಾ ತಿಂಗಳಾ ಅಂಗಡಿಗೆ ಹೋಗಿ ತರೋನು ನಾನು, ಬಾಗಿಲಲ್ಲಿ ಇಸ್ಕೊಳ್ಳೋನು ಅವರ ಡ್ರೈವರು. ಮಾರನೇ ದಿನ ಸಾಹೇಬರು ಅದು ಹೀಗಿತ್ತು, ಇದು ಹಾಗಿತ್ತು ಅಂತಾರೆ. ನಾನು ಫೈಲ್ ಹಿಡ್ಕೊಂಡು ನಿಂತು ಕೇಳ್ತೀನಿ. ನಮ್ಮ ಮನೆಯವಳು ಅಲಮೇಲು ಅಂತೂ, ಕುಡಿಯದೇ ಕುಡುಕ ಅನ್ನಿಸ್ಕೊಂಡ್ರಲ್ಲಾ ಅಂತ ಆ ಪರ್ಮಿಟ್ ಇರೋ ಕೋಟನ್ನ ಮುಟ್ಟೋದೇ ಇಲ್ಲ. ಈಗ ಹೇಳು, ಯಾರ ಬಾಟ್ಲಿ ಕೊಡಲಿ ನಿನಗೆ?"

ಬೈಯಲು ಬಾಯಿ ತೆರೆದಿದ್ದ ಶೇಖರನಿಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. ಅದು ಅವನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಭಾನುವಾರ ಆಫೀಸುಗಳ ಜೊತೆ ಹೋಟೆಲಿಗೂ ರಜೆ. ಶೇಖರ ಬೊರಿವಲಿಗೆ ಹೋದ. ಅಪ್ಪನ ಜೊತೆ ಅದೇ ಕ್ಲಬ್ಬಿನ ಪ್ಯಾಂಟ್ರಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ಪಾಸ್ಕಲ್ ಅಲ್ಲಿ ಇಗರ್ಜಿಯ ಹಿಂದೆ ಒಂದು ಹಂಚಿನ ಮನೆಯಲ್ಲಿ ಕೋಳಿ ಸಾಕಿಕೊಂಡಿದ್ದ. ಮಂಗಳೂರಿನ ಕ್ರಿಸ್ತುವ, ಊರಿನ ಕಡೆಯ ರೂಢಿಯಂತೆ ಶೇಖರನ ಮನೆಯವರಿಗೆ ಅವನು ಪೊರ್ಬು. ಕ್ಲಬ್ಬಿನ ಹಳೆಯ ಗುರುತಿನಿಂದ ಒಂದು ಬಾಟ್ಲಿ ಹೊರಡಿಸಬಲ್ಲವನಿದ್ದರೆ ಇವನೇ ಎಂದು ಶೇಖರ ಎಣಿಸಿದ್ದ.

"ನನ್ನಿಂದ ಎಲ್ಲಿ ಆಗ್ತದೆ ಮಾರಾಯ. ಗೇಟಿನ ಗೂರ್ಖನಿಗೇ ನನ್ನ ಪರಿಚಯ ಇಲ್ಲ ಈಗ," ಎಂದ ಪಾಸ್ಕಲ್ ಕೋಳಿಗಳಿಗೆ ನುಚ್ಚು ಎರಚುತ್ತ. "ಆದ್ರೆ ಜಿಂಕೆ ಅಂದ್ರೆ? ಯಾವ ಜಿಂಕೆ?"

"ಅಪ್ಪನ ಟ್ರಂಕಿನ ಮುಚ್ಚಳದಲ್ಲಿ ಉಂಟಲ್ಲ, ಆ ಮಾರ್ಕು."

ಪಾಸ್ಕಲ್ ನಗಲು ಶುರುಮಾಡಿದವನು ಕೆಮ್ಮು ಬಂದು ಕಟ್ಟೆಯ ಮೇಲೆ ಕುಕ್ಕರಿಸಿದ. "ಅದು ನಾನು ಅಂಟಿಸಿದ್ದು. ತುಕ್ಕು ಹಿಡಿದು ತೂತಾಗಿತ್ತು, ಜಿರಳೆ ಹೋಗ್ತಿತ್ತು ಒಳಗೆ. ಬಾಟ್ಲಿಯಿಂದ ಎದ್ದು ಬಂದ ಒಂದು ಚೀಟಿ ಕೈಗೆ ಸಿಕ್ಕಿತು, ಹಿಟ್ಟು ಮೆತ್ತಿ ಅಂಟಿಸಿದೆ."

ಎರಡು ವಾರದಿಂದ ತಾಯಿ ಕೊರೆದ ಜಿಂಕೆ ಜಿರಳೆಯ ತೂತಿಗೆ ಹಾಕಿದ ತೇಪೆ. ಶೇಖರ ಹಣೆ ಒತ್ತಿಕೊಂಡ. "ಹಾಗಾದರೆ ಅಪ್ಪನಿಗೆ ಯಾವ ಮಾರ್ಕು ಇಷ್ಟ? ದೊರೆಗಳು ಶನಿವಾರ ಅವರಿಗೇ ಅಂತ ತೆಗೆದಿಡ್ತಿದ್ದದ್ದು?"

ಪಾಸ್ಕಲ್‌ನ ನಗು ನಿಂತಿತು. "ಹಾಗೆ ಹೇಳಿದ್ನಾ ಅವ ಮನೆಯಲ್ಲಿ?"

"ಹೌದು."

"ನಿನ್ನ ತಾಯಿಗೂ?"

"ಅಮ್ಮನಿಗೇ ಹೇಳಿದ್ದು."

ಪಾಸ್ಕಲ್ ಕೈಯಲ್ಲಿ ಉಳಿದ ನುಚ್ಚನ್ನು ಒಂದೇ ಸಲ ಎಸೆದು ಅಂಗೈ ಒರೆಸಿಕೊಂಡ. "ಬೇರರ್‌ಗೆ ಬಾಟ್ಲಿ ಯಾರು ಕೊಡ್ತಾರೆ ಮಗಾ? ದೊರೆಗಳು ಕುಡಿದು ಎದ್ದು ಹೋಗ್ತಾರೆ. ಒಂದು ಗ್ಲಾಸಲ್ಲಿ ಎರಡು ಬೆರಳು ಬಿಟ್ಟಿರ್ತಾರೆ, ಇನ್ನೊಂದರಲ್ಲಿ ಅರ್ಧ. ನಿನ್ನ ಅಪ್ಪ ಎಲ್ಲವನ್ನೂ ಒಂದು ಎನಾಮಲ್ ಜಗ್ಗಿಗೆ ಬಗ್ಗಿಸಿ ಪ್ಯಾಂಟ್ರಿಯ ಒಲೆಯ ಹಿಂದೆ ಅಡಗಿಸಿ ಇಡುವುದು. ಆ ಮಾರ್ಕು ಈ ಮಾರ್ಕು ಎಲ್ಲ ಅದರಲ್ಲೇ."

"ಎಂಜಲು," ಎಂದ ಶೇಖರ.

"ಎಂಜಲೇ. ಆದ್ರೆ ಬಿಯರೂ ಹೌದು."

"ಬೆಚ್ಚಗಿನ ಎಂಜಲಿನಲ್ಲಿ ಎಂತ ರುಚಿ ಉಂಟು?"

"ಅದನ್ನು ಕೇಳು," ಎಂದ ಪಾಸ್ಕಲ್, ಬಹಳ ಕಾಲದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವನಂತೆ. "ಕೆಲಸ ಮುಗಿಯುವಾಗ ನೊರೆ ಪೂರಾ ಸತ್ತಿರ್ತದೆ. ನಾವಿಬ್ಬರೂ ಹಿಂದಿನ ಮೆಟ್ಟಿಲಿಗೆ ಹೋಗುವುದು. ಸಮುದ್ರದ ಗಾಳಿ ಬರ್ತದೆ ಅಲ್ಲಿಗೆ. ಆದ್ರೆ ಅವ ಕೂಡಲೇ ಕುಡಿಯುವುದಿಲ್ಲ. ಮೊದಲು ಶೂ ಬಿಚ್ಚಬೇಕು. ಆ ಶೂ ಅವನ ಕಾಲಿಗೆ ಒಂದು ಅಳತೆ ಸಣ್ಣದು ಗೊತ್ತುಂಟಲ್ಲ? ಲೇಸು ಪೂರಾ ಎಳೆದು, ಶೂ ಬದಿಗಿಟ್ಟು, ಪಾದ ತಣ್ಣನೆ ಕಲ್ಲಿಗೆ ಒತ್ತಿ, ಆಮೇಲೆ ಜೇಬಿನಿಂದ ಒಂದು ಚಿಟಿಕೆ ಉಪ್ಪು ತೆಗೆದು ಗ್ಲಾಸಿಗೆ ಹಾಕುವುದು. ಸತ್ತ ನೊರೆ ಬುಡದಿಂದ ಎದ್ದು ಬರ್ತದೆ ಮಗಾ. ಅದನ್ನು ನೋಡಿ ನಗುವುದು ನಿನ್ನ ಅಪ್ಪ. ದಿನಾ ನೋಡುವುದು, ದಿನಾ ನಗುವುದು. ಶೂ ಬಿಚ್ಚದೆ ಒಂದು ಗುಟುಕು ಮುಟ್ಟಿದವನಲ್ಲ. ನಾನು ಹೇಳ್ತಿದ್ದೆ, ದೂಜಾ, ನಿನಗೆ ರುಚಿ ಬಿಯರಿನದ್ದಲ್ಲ, ಕಾಲಿನದ್ದು ಅಂತ."

"ದೊಡ್ಡ ಶೂ ಕೊಡಿ ಅಂತ ಕೇಳ್ಲಿಕ್ಕೆ ಎಂತ ಆಗಿತ್ತು ಅವರಿಗೆ?"

"ಕೇಳುವವನಾ ಅವ?"

ಸ್ಟೇಷನ್ನಿನವರೆಗೆ ಶೇಖರ ಮಳೆಯಲ್ಲಿ ಛತ್ರಿ ಬಿಚ್ಚದೆ ನಡೆದ. ಬದುಕಿರುವಷ್ಟು ದಿನ ಒಂದು ಅಳತೆ ದೊಡ್ಡ ಶೂ ಕೇಳಲಾರದವನು ಸತ್ತ ಮೇಲೆ ಬಾಗಿಲಲ್ಲಿ ಬಂದು ನಿಂತಿದ್ದಾನೆ. ಬಂದಾದರೂ ಏನು, ಬಾಯಿ ತೆರೆಯುವುದಿಲ್ಲ. ಹೆಂಡತಿಗೆ ದೊರೆಯ ಕಥೆ ಹೇಳಿ ಮಗನನ್ನು ಜಿಂಕೆಯ ಹಿಂದೆ ಓಡಿಸಿದ್ದಾನೆ. ಎದುರಿಗೆ ಸಿಕ್ಕಿದ್ದರೆ ಎರಡು ಭುಜ ಹಿಡಿದು ಅಲುಗಾಡಿಸಿ ಕೇಳಬಹುದಿತ್ತು. ಹಾಗೆಂದು ಮನೆಗೆ ಹೋಗಿ, ಅಮ್ಮಾ, ನಾಲ್ಕು ಮನೆಯ ಎಂಜಲು ಕಲಸಿ ಎಲೆಗಿಡು ಸಾಕು ಎನ್ನಲಾದೀತೇ? ಪ್ಲ್ಯಾಟ್‌ಫಾರ್ಮಿನ ಮೇಲೆ ನಿಂತು, ತಲೆಯಿಂದ ನೀರು ಸುರಿಯುತ್ತಿರುವಾಗ, ಅವನಿಗೆ ಒಂದು ಮಾತು ಖಚಿತವಾಯಿತು. ಯಾವ ಮಾರ್ಕಾದರೂ ಇರಲಿ, ಯಾರೂ ತುಟಿ ಹಚ್ಚದ, ಮುಚ್ಚಳ ಬಿಚ್ಚದ ಒಂದು ಬಾಟ್ಲಿ ಆ ಮನುಷ್ಯನ ಎಲೆಯ ಮುಂದೆ ಬರಬೇಕು. ಮಿಕ್ಕದ್ದನ್ನು ಬೇರೆಯವರು ಕುಡಿಯಲಿ.

ಸೋಮವಾರ ಮಧ್ಯಾಹ್ನ ಅವನು ತಿರುಮಲೇಶನನ್ನು ಏನೂ ಬೇಡಲಿಲ್ಲ. ಗುಮಾಸ್ತರು ಹೋದ ಮೇಲೆ ಟೇಬಲ್ಲು ಒರೆಸುತ್ತ, ಪಾಸ್ಕಲ್ ಹೇಳಿದ್ದಷ್ಟನ್ನೂ ಹೇಳಿದ. ಜಗ್ಗು, ಒಲೆ, ಮೆಟ್ಟಿಲು, ಶೂ, ಉಪ್ಪು. ತಿರುಮಲೇಶ ಖಾಲಿ ಲೋಟದ ಬಾಯಿಯ ಮೇಲೆ ಬೆರಳಾಡಿಸುತ್ತ ಕೇಳಿದ.

"ಉಪ್ಪು ಹಾಕಿದ್ರೆ ನೊರೆ ಏಳುತ್ತಂತಾ? ಸಾಹೇಬರು ಇದು ಹೇಳಿಲ್ಲವಲ್ಲ," ಎಂದಷ್ಟೇ ಅಂದು ಎದ್ದು ಹೋದ.

ಮಂಗಳವಾರ ಅವನು ಊಟದ ಹೊತ್ತಿಗೆ ಒಬ್ಬನೇ ಬಂದ. ಟಿಫಿನ್ ಚೀಲವನ್ನು ಎದೆಗೆ ಅವಚಿಕೊಂಡಿದ್ದ. ಹೋಟೆಲಿನ ಹಿಂದಿನ ಸೌದೆ ಕೋಣೆಗೆ ಶೇಖರನನ್ನು ಕರೆದು, ಟವೆಲ್ಲಿನಲ್ಲಿ ಸುತ್ತಿದ ಬಾಟ್ಲಿಯನ್ನು ಅವನ ಕೈಗಿಟ್ಟ. ಅದರ ಮೇಲೆ ಜಿಂಕೆ ಇರಲಿಲ್ಲ. ಎಂಥದೋ ಒಂದು ಕೋಟೆ ಇತ್ತು.

"ಒಂದು ಒಡೆದುಹೋಯ್ತು ಅಂತ ಡ್ರೈವರ್‌ಗೆ ಹೇಳಿದೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲನೇ ಸುಳ್ಳು."

"ಆ ಪರ್ಮಿಟ್ಟೇ ಸುಳ್ಳಲ್ಲವಾ ಸಾರ್?"

"ಅದು ಆಫೀಸಿನ ಸುಳ್ಳಯ್ಯಾ. ಇದು ನಂದು." ತಿರುಮಲೇಶನ ಮುಖದಲ್ಲಿ ಭಯವೂ ಇತ್ತು, ಕದ್ದ ಹುಡುಗನ ಹಿಗ್ಗೂ ಇತ್ತು. ಹೊರಡುವವನು ಬಾಗಿಲಲ್ಲಿ ನಿಂತ. "ಹೇಗಿತ್ತು ಅಂತ ನಾಳೆ ಬಂದು ಹೇಳು. ಮೂರನೇ ಗುಟುಕಿಗೆ ಸಿಹಿ ನಿಜವಾಗ್ಲೂ ಇರುತ್ತಾ ಅಂತ."

ಪತ್ರೊಡೆಗೆಂದು ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಕೊಂಡ ಕೆಸುವಿನ ಎಲೆಗಳ ಕಟ್ಟುಗಳ ಕೆಳಗೆ ಬಾಟ್ಲಿ ಕಾಂದಿವಲಿಗೆ ಪ್ರಯಾಣ ಮಾಡಿತು. ಲೋಕಲಿನ ನೂಕುನುಗ್ಗಲಿನಲ್ಲಿ ಅದು ಶೇಖರನ ಪಕ್ಕೆಗೂ ಯಾರದೋ ಮೊಣಕೈಗೂ ನಡುವೆ ಕುಲುಕಾಡಿ ಕುಲುಕಾಡಿ ಇಳಿಯಿತು. ಕಾಂದಿವಲಿ ಸ್ಟೇಷನ್ನಿನ ಹೊರಗೆ ಹವಾಲ್ದಾರ ಲಾಠಿ ಅಡ್ಡ ಹಿಡಿದ.

"ಕಾಯ್ ಆಹೆ?"

"ಅಳೂ ಆಹೆ, ಸಾಹೇಬ್," ಎಂದು ಶೇಖರ ಕೆಸುವಿನ ಎಲೆ ತೋರಿಸಿದ.

ಹವಾಲ್ದಾರ ಮೇಲಿನ ಕಟ್ಟನ್ನು ಎತ್ತಿದ. ಎಲೆಯ ಬೆನ್ನು ನೋಡಿದ, ದಂಟು ಮುರಿದು ನೋಡಿದ. ಅದರ ಕೆಳಗಿನ ಕಟ್ಟನ್ನೂ ಎತ್ತಿದ. ಶೇಖರನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಇನ್ನು ಒಂದೇ ಒಂದು ಕಟ್ಟು, ಅದರ ಕೆಳಗೆ ಟವೆಲ್ಲು. ಹವಾಲ್ದಾರ ಎರಡು ಕಟ್ಟುಗಳನ್ನೂ ಕಂಕುಳಿಗೆ ಸೇರಿಸಿ, ಮನೆಯಲ್ಲಿ ಅಳೂವಡಿ ಮಾಡಿಸುತ್ತೇನೆ, ನಡೆ ಎಂದು ಲಾಠಿ ಎತ್ತಿದ. ಅಪ್ಪನ ಪತ್ರೊಡೆಯ ಮೂರರಲ್ಲಿ ಎರಡು ಪಾಲು ಸರಕಾರಕ್ಕೆ ಹೋಯಿತು.

ಖೋಲಿಯಲ್ಲಿ ಒಲೆ ಉರಿಯುತ್ತಿತ್ತು. ಕೋಳಿ ಸಾರಿನ ಪರಿಮಳ ಗ್ಯಾಲರಿಯವರೆಗೆ ಬಂದಿತ್ತು. ವಾರಿಜಕ್ಕ ಬಾಟ್ಲಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ದೀಪಕ್ಕೆ ಹಿಡಿದಳು.

"ಜಿಂಕೆ ಇಲ್ಲ."

"ಜಿಂಕೆ ಈಗ ಬರುವುದಿಲ್ಲ ಅಮ್ಮ. ದೊರೆಗಳೊಟ್ಟಿಗೆ ಅದೂ ಹೋಯಿತು. ಆಮೇಲೆ ಅಪ್ಪ ಇದಕ್ಕೇ ಬದಲಾಯಿಸಿದ್ರಂತೆ. ಪೊರ್ಬು ಹೇಳಿದ್ರು."

"ಹೌದಾ. ನನಗೆ ಹೇಳಲೇ ಇಲ್ಲ," ಎಂದಳು ಆಕೆ. ಆ ಕೋಟೆಯ ಚಿತ್ರವನ್ನು ಸ್ವಲ್ಪ ಹೊತ್ತು ಅಸಮಾಧಾನದಿಂದ ನೋಡಿ, ಕೊನೆಗೆ ಒಪ್ಪಿದವಳಂತೆ ಸೆರಗಿನಿಂದ ಒರೆಸಿದಳು.

ಶೇಖರ ಸ್ನಾನ ಮಾಡಿ ಬರುವಷ್ಟರಲ್ಲಿ ಬಾಟ್ಲಿ ಒಲೆಯ ಪಕ್ಕದಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಕುತ್ತಿಗೆಯವರೆಗೆ ಕೂತಿತ್ತು.

"ಅಮ್ಮಾ!"

"ಎಂತ? ಹಿರಿಯರಿಗೆ ತಣ್ಣಗಿನದ್ದು ಇಡ್ತಾರಾ? ಎಲೆಗೆ ಬಂದದ್ದರಲ್ಲಿ ಬಿಸಿ ಇರಬೇಕು."

ಮೈಯೆಲ್ಲಾ ಬೆವರಿದ ಬಾಟ್ಲಿ, ಎರಡು ಬೆರಳು ನೊರೆ, ಮಧ್ಯಾಹ್ನಗಟ್ಟಲೆ ಕೇಳಿದ ತಿರುಮಲೇಶನ ಮಾತೆಲ್ಲ ಶೇಖರನ ಬಾಯಿಯವರೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಒಲೆಯ ಹಿಂದೆ ಅಡಗಿಸಿಟ್ಟ ಜಗ್ಗು ಅವನ ಕಣ್ಣ ಮುಂದೆ ಸುಳಿದುಹೋಯಿತು. "ಇರಲಿ ಬಿಡು," ಎಂದ. ಶೀಲಾವತಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ಅಣ್ಣನನ್ನು ದಿಟ್ಟಿಸಿದಳು; ಅವನು ಒಂದು ಮಾತಿಗೆ ಸುಮ್ಮನಾದದ್ದನ್ನು ಅವಳು ಮೊದಲು ಕಂಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲೆಗಳು ಬಿದ್ದವು. ಅಜ್ಜ, ಅಜ್ಜಿ, ಹೆಸರು ಮರೆತುಹೋದ ಹಿರಿಯರು, ಕೊನೆಗೆ ದೂಜ. ಕೋಳಿ, ರೊಟ್ಟಿ, ಉಳಿದಷ್ಟು ಪತ್ರೊಡೆ. ಅಜ್ಜನ ಎಲೆಗೆ ಹುಳಿ ಬಂದ ನೀರಾ. ಶೇಖರ ಬಾಟ್ಲಿಯ ಮುಚ್ಚಳವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಕಿತ್ತ. ಲೋಕಲಿನಲ್ಲಿ ಕುಲುಕಿ, ಬಿಸಿನೀರಿನಲ್ಲಿ ಬೆಂದ ಬಿಯರು ಬುಸ್ಸೆಂದು ಅವನ ಮೊಣಕೈಯವರೆಗೆ ಹರಿಯಿತು. ವಾರಿಜಕ್ಕ ಓಡಿಬಂದು ಗ್ಲಾಸು ಹಿಡಿದಳು. ಗ್ಲಾಸು ಅಂಚಿನವರೆಗೆ ತುಂಬಿತು, ತಳದಲ್ಲಿ ಒಂದಿಷ್ಟು ಹಳದಿ, ಮೇಲೆಲ್ಲ ಬೆಳ್ಳಗಿನ ನೊರೆ.

"ಹೇಗೆ ಎದ್ದು ಬರ್ತದೆ ನೋಡು. ಆಗ ತಾನೇ ಇಳಿಸಿದ ಕಳ್ಳಿನ ಹಾಗೆ," ಎಂದು ಆಕೆ ಸಂತೋಷದಿಂದ ಗ್ಲಾಸನ್ನು ಗಂಡನ ಎಲೆಯ ಬಲಕ್ಕಿಟ್ಟಳು. ಮಿಕ್ಕ ಬಾಟ್ಲಿಯನ್ನು ಅದರ ಪಕ್ಕಕ್ಕಿಟ್ಟಳು.

ಎಲ್ಲರೂ ಹೊರಗೆ ಬಂದ ಮೇಲೆ ಶೇಖರ ಮತ್ತೆ ಒಳಗೆ ಹೋದ. ಟ್ರಂಕು ತೆರೆದ ಸದ್ದು ಕೇಳಿಸಿತು. ಅವನು ಬಿಳಿ ಕ್ಯಾನ್ವಾಸ್ ಶೂಗಳನ್ನು ತಂದು ಹೊಸಿಲಿನ ಹೊರಗೆ ಜೋಡಿಸಿ, ಕುಕ್ಕರುಗಾಲಿನಲ್ಲಿ ಕೂತು ಎರಡರ ಲೇಸನ್ನೂ ಪೂರಾ ಎಳೆದು ಬಿಚ್ಚಿದ.

"ಎಂತಕ್ಕೆ ಅದು?" ಎಂದಳು ವಾರಿಜಕ್ಕ.

"ಒಳಗೆ ಬರುವವರು ಶೂ ಬಿಚ್ಚಿ ಬರುವುದಲ್ಲವಾ?"

ಆಕೆ ಬಾಗಿಲು ಎಳೆದುಕೊಂಡಳು.

ಗ್ಯಾಲರಿಯ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಪಕ್ಕದ ಖೋಲಿಯ ಬಸಲಿಂಗವ್ವ ಕೊಡ ಹಿಡಿದು ಬಂದವಳು ಮೂವರೂ ಸಾಲಾಗಿ ನಿಂತಿದ್ದನ್ನು ನೋಡಿ, "ಯಾಕ್ರೀ ವಾರಿಜಕ್ಕ, ಮಳ್ಯಾಗ ಹೊರಗ ನಿಂತೀರಿ? ಕೀಲಿ ಕಳದೈತೇನು?" ಎಂದಳು.

"ಅವರು ಬಂದಿದ್ದಾರೆ ಊಟಕ್ಕೆ."

ಬಸಲಿಂಗವ್ವ ಕೊಡವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. ಸೆರಗು ತಲೆಗೆ ಎಳೆದುಕೊಂಡು ಗೋಡೆಗೆ ಒರಗಿ ತಾನೂ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಮೂಗೆತ್ತಿ, "ಏನೋ ಘಮ್ ಅನ್ನಾಕತ್ತೈತಿ," ಎಂದು ಮೆಲ್ಲಗೆ ಅಂದಳು. ಶೇಖರ ಬಿಯರು ಹರಿದ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ. ಎದುರಿನ ಕಟ್ಟಡದಲ್ಲಿ ಒಂದೊಂದಾಗಿ ದೀಪ ಹೊತ್ತಿಕೊಂಡವು.

ವಾರಿಜಕ್ಕ ಬಾಗಿಲನ್ನು ಮೂರು ಸಲ ತಟ್ಟಿ ತೆರೆದಳು. ದೀಪ ಅಲುಗಾಡದೆ ಉರಿಯುತ್ತಿತ್ತು. ಎಲೆಯ ಮೇಲಿನ ರೊಟ್ಟಿ ರೊಟ್ಟಿಯ ಹಾಗೆಯೇ ಇತ್ತು, ಕೋಳಿ ಕೋಳಿಯ ಹಾಗೆಯೇ. ಆದರೆ ದೂಜನ ಗ್ಲಾಸಿನ ನೊರೆ ಇಳಿದುಹೋಗಿತ್ತು. ಅಂಚಿನವರೆಗೆ ತುಂಬಿದ್ದ ಗ್ಲಾಸಿನಲ್ಲಿ ಈಗ ಅರ್ಧಕ್ಕೂ ಕಡಿಮೆ ಉಳಿದಿತ್ತು.

ವಾರಿಜಕ್ಕ ಮಂಡಿಯೂರಿ ಕೂತು ಗ್ಲಾಸನ್ನು ಒಂದು ಬದಿಯಿಂದ ನೋಡಿದಳು, ಇನ್ನೊಂದು ಬದಿಯಿಂದ ನೋಡಿದಳು. ತುಟಿಗೆ ಸೆರಗು ಒತ್ತಿಕೊಂಡಳು.

"ಕುಡಿದಿದ್ದಾರೆ," ಎಂದಳು. "ನೋಡು ಶೇಖರ. ಕುಡಿದಿದ್ದಾರೆ ಅಲ್ಲವಾ?"

"ಹೌದಮ್ಮ," ಎಂದ ಶೇಖರ.

"ಭಾಂಡೂಪಿಗೆ ನಾಳೆಯೇ ಹೇಳಿ ಕಳಿಸು."

ಶೀಲಾವತಿ ಮುಖ ತಿರುಗಿಸಿಕೊಂಡು ಉಪ್ಪಿನ ಮರಿಗೆಯನ್ನು ಎಲೆಗಳ ಹತ್ತಿರ ತಂದಿಟ್ಟಳು. ವಾರಿಜಕ್ಕ ಗಂಡನ ಗ್ಲಾಸನ್ನು ಎತ್ತಿ ಮಗನ ಕೈಗೆ ಕೊಟ್ಟಳು. ಬಿಯರು ಉಗುರು ಬೆಚ್ಚಗಿತ್ತು. ಶೇಖರ ಅದನ್ನು ಹಿಡಿದು ಹೊಸಿಲಿನ ಮೇಲೆ, ಬಿಚ್ಚಿಟ್ಟ ಶೂಗಳ ಪಕ್ಕದಲ್ಲಿ ಕೂತು, ಎರಡೂ ಪಾದಗಳನ್ನು ಮಳೆನೀರು ಹರಿದ ಗ್ಯಾಲರಿಯ ಕಲ್ಲಿಗೆ ಒತ್ತಿದ. ಆಮೇಲೆ ಒಳಕ್ಕೆ ಕೈಚಾಚಿ, ಮರಿಗೆಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಗ್ಲಾಸಿಗೆ ಬಿಟ್ಟ. ತಳದಲ್ಲಿ ಏನೋ ಮಿಸುಕಿದಂತಾಯಿತು, ಸಣ್ಣ ಸಣ್ಣ ಗುಳ್ಳೆಗಳು ಒಂದನ್ನೊಂದು ಹಿಡಿದುಕೊಂಡು ಮೇಲೆ ಬಂದವು, ಬೆಳ್ಳಗಿನ ನೊರೆ ಮೆಲ್ಲಮೆಲ್ಲಗೆ ಗ್ಲಾಸಿನ ಅಂಚಿನ ಕಡೆಗೆ ಏರತೊಡಗಿತು.